ಕೇಬಲ್ ದುಡ್ಡಲ್ಲಿ ಯಾರ ಪಾಲು ಎಷ್ಟು?

ಪ್ರಶ್ನೆ: ಸಾರ್, ಚಾನೆಲ್‌ನವರು ಜಾಹೀರಾತಿನಲ್ಲೇ ಬೇಕಾದಷ್ಟು ದುಡಿಯುತ್ತಾರೆ. ಸೀರಿಯಲ್‌ಗಿಂತ ಸೋಪು, ಟೀಪುಡಿ ನೋಡುವುದೇ ಜಾಸ್ತಿ. ಅದರ ಮೇಲೆ ಕೇಬಲ್ ಬಿಲ್ಲಿನಲ್ಲೂ ಅವರಿಗೆ ಯಾಕೆ ಕೊಡಬೇಕು?
– ಗೃಹಿಣಿ, ಸರಸ್ವತಿಪುರಂ, ಮೈಸೂರು

ಉತ್ತರ: ನಿಮ್ಮ ಸಿಟ್ಟು ಸರಿಯಾಗಿಯೇ ಇದೆ ಅಮ್ಮಾ. ಆದರೆ ಎಲ್ಲ ಚಾನೆಲ್‌ಗಳೂ ನಿಮ್ಮ ಹತ್ತಿರ ದುಡ್ಡು ಕೇಳುವುದಿಲ್ಲ. ಫ್ರೀ ಚಾನೆಲ್‌ಗಳು ಬರೀ ಜಾಹೀರಾತಿನಲ್ಲೇ ನಡೆಯುತ್ತವೆ. ಕೇಳುವುದು ಪೇ ಚಾನೆಲ್‌ಗಳು. ಅವು ಎರಡೂ ಕೈಯಲ್ಲಿ ತೆಗೆದುಕೊಳ್ಳುತ್ತವೆ, ಅದು ನಿಜ. ಗಂಟೆಗೆ 12 ನಿಮಿಷಕ್ಕಿಂತ ಹೆಚ್ಚು ಜಾಹೀರಾತು ಬೇಡ ಅಂತ ನಿಯಮ ಬರೆದಿದ್ದಾರೆ, ಅದರ ಮೇಲೆ ಕೋರ್ಟಿನಲ್ಲಿ ವರ್ಷಗಟ್ಟಲೆ ಜಗಳವೂ ಆಗಿದೆ. ನನ್ನ ಕೇಳಿದರೆ, ತಿಂಗಳ ದುಡ್ಡು ತೆಗೆದುಕೊಳ್ಳುವ ಚಾನೆಲ್‌ಗೆ ಈ ಮಿತಿ ಇನ್ನೂ ಕಡಿಮೆ ಇರಬೇಕು.

ಪ್ರಶ್ನೆ: ನಾನು ಕೇಬಲ್ ನಡೆಸುವವನು. ರೇಟು ಏರಿದರೆ ಜನ ಬೈಯುವುದು ನಮ್ಮನ್ನೇ. 19 ರೂಪಾಯಿ ಚಾನೆಲ್‌ನಲ್ಲಿ ನಮಗೆ ಉಳಿಯುವುದು ಎಷ್ಟು ಅಂತ ಸ್ವಲ್ಪ ಬರೆಯಿರಿ ಸಾರ್.
– ಮದ್ದೂರು

ಉತ್ತರ: ಬರೆಯೋಣ ಅಣ್ಣಾ, ಬೈಯುವವರೂ ಓದಲಿ. ಫೋನು, ಟೀವಿಗೆ ನಿಯಮ ಮಾಡುವ ಕೇಂದ್ರದ ಸಂಸ್ಥೆ ಟ್ರಾಯ್ 2017ರಲ್ಲಿ ತಂದು 2019ರಲ್ಲಿ ಮನೆಮನೆಗೆ ಬಂದ ನಿಯಮದ ಪ್ರಕಾರ ಪೇ ಚಾನೆಲ್ ತನ್ನ ಬೆಲೆ ತಾನೇ ಹೇಳಬೇಕು. 19 ರೂಪಾಯಿಯ ಚಾನೆಲ್ ಆದರೆ ಅದರಲ್ಲಿ ಶೇ. 20, ಅಂದರೆ 3 ರೂಪಾಯಿ 80 ಪೈಸೆ, ಮನೆಮನೆಗೆ ಹಂಚುವ ಕೇಬಲ್‌ನವರಿಗೆ. ಮಿಕ್ಕ 15 ರೂಪಾಯಿ 20 ಪೈಸೆ ಚಾನೆಲ್‌ಗೆ. ಚಾನೆಲ್‌ನವರು ಮನಸ್ಸು ಮಾಡಿದರೆ ಹಂಚುವವರಿಗೆ ಇನ್ನೂ ಶೇ. 15ರವರೆಗೆ ರಿಯಾಯಿತಿ ಕೊಡಬಹುದು. ಆ 3.80 ಕೂಡ ಪೂರ್ತಿ ನಿಮ್ಮದಲ್ಲ. ಮೇಲಿಂದ ಸಿಗ್ನಲ್ ಕೊಡುವ ದೊಡ್ಡ ಕೇಬಲ್ ಕಂಪನಿ, ಅಂದರೆ ಎಂಎಸ್‌ಒ ಜೊತೆ ಬೇರೆ ಒಪ್ಪಂದ ಆಗದೇ ಹೋದರೆ ಅವರಿಗೆ 55, ನಿಮಗೆ 45. ಕೊನೆಗೆ ನಿಮ್ಮ ಕೈಗೆ 1 ರೂಪಾಯಿ 71 ಪೈಸೆ!

ನಿಮ್ಮ ಹೊಟ್ಟೆ ತುಂಬಿಸುವುದು ಚಾನೆಲ್ ಅಲ್ಲ, ನೆಟ್‌ವರ್ಕ್ ಚಾರ್ಜು, ಅಂದರೆ ಕೇಬಲ್ ಸಂಪರ್ಕಕ್ಕೆ ಮನೆಯವರು ತಿಂಗಳಿಗೆ ಕಟ್ಟುವ ದುಡ್ಡು. 2019ರಲ್ಲಿ ಅದು ಹೆಚ್ಚೆಂದರೆ 130 ರೂಪಾಯಿ, ಜಿಎಸ್‌ಟಿ ಸೇರಿ 153.40. ಅದರಲ್ಲಿ ಚಾನೆಲ್‌ಗೆ ಒಂದು ಪೈಸೆಯೂ ಹೋಗುವುದಿಲ್ಲ. 2024ರಲ್ಲಿ ಟ್ರಾಯ್ ಆ ಮಿತಿಯನ್ನೂ ತೆಗೆದುಹಾಕಿತು.

ಹಾಗಂತ ಹಳೆಯ ಕಾಲ ಚೆನ್ನಾಗಿತ್ತು ಅನ್ನಬೇಡಿ. ಬಾಕ್ಸ್ ಇಲ್ಲದ ಕಾಲದಲ್ಲಿ ಎಷ್ಟು ಮನೆಗೆ ವೈರ್ ಎಳೆದಿದ್ದಾರೆ ಅನ್ನುವುದು ಎಳೆದವರಿಗೆ ಮಾತ್ರ ಗೊತ್ತಿತ್ತು, ಅವರು ಹೇಳಿದ್ದೇ ಲೆಕ್ಕ, ಚಾನೆಲ್‌ನವರು ನಂಬದೆ ಜಾಸ್ತಿ ಕೇಳುವುದು, ಇವರು ಕಮ್ಮಿ ತೋರಿಸುವುದು, ಹೀಗೇ ಚೌಕಾಸಿ ನಡೆಯುತ್ತಿತ್ತು. ಮೈಸೂರಿಗೆ ಸೆಟ್ ಟಾಪ್ ಬಾಕ್ಸ್ ಕಡ್ಡಾಯ ಆಗಿದ್ದು 2013ರ ಮಾರ್ಚ್ ಗಡುವಿನಲ್ಲಿ. ಮಂಡ್ಯ ಕಡೆಗೆ ಆಮೇಲೆ ಬಂತು.

ಪ್ರಶ್ನೆ: ನಮ್ಮ ಭಾವನ ಮನೆಯಲ್ಲಿ ಫ್ರೀ ಡಿಶ್ ಇದೆ. ತಿಂಗಳಿಗೆ ಒಂದು ರೂಪಾಯಿ ಕಟ್ಟುವುದಿಲ್ಲ. ಅಲ್ಲಿ ಚಾನೆಲ್‌ನವರಿಗೆ ಯಾರು ಕೊಡುತ್ತಾರೆ?
– ಕೆ.ಆರ್. ಪೇಟೆ

ಉತ್ತರ: ಯಾರೂ ಕೊಡುವುದಿಲ್ಲ, ಚಾನೆಲ್‌ನವರೇ ಕೊಡುತ್ತಾರೆ! ದೂರದರ್ಶನದ ಫ್ರೀ ಡಿಶ್‌ನಲ್ಲಿ ಜಾಗಕ್ಕೆ ಹರಾಜು ನಡೆಯುತ್ತದೆ, ಖಾಸಗಿ ಚಾನೆಲ್‌ಗಳು ಕೋಟಿಗಟ್ಟಲೆ ಕೂಗುತ್ತವೆ. ಜನ ನೋಡಿದರೆ ಜಾಹೀರಾತು ಬರುತ್ತದಲ್ವಾ, ಅದಕ್ಕೆ. ಕೇಬಲ್‌ನಲ್ಲೂ ಈ ಉಲ್ಟಾ ವ್ಯವಹಾರ ಇದೆ. ಹೆಚ್ಚು ಜನ ತೆಗೆದುಕೊಳ್ಳದ ಚಾನೆಲ್ ಹತ್ತಿರ ಎಂಎಸ್‌ಒ ಕ್ಯಾರೇಜ್ ಫೀ, ಅಂದರೆ ಚಾನೆಲ್ ತೋರಿಸುವುದಕ್ಕೆ ಬಾಡಿಗೆ, ವಸೂಲಿ ಮಾಡಬಹುದು. 2017ರ ನಿಯಮದಲ್ಲಿ ಅದು ಮನೆಗೆ ತಿಂಗಳಿಗೆ 20 ಪೈಸೆಯವರೆಗೆ. ನೂರಕ್ಕೆ ಇಪ್ಪತ್ತು ಮನೆಯವರು ಆ ಚಾನೆಲ್ ಆರಿಸಿಕೊಂಡರೆ ಕ್ಯಾರೇಜ್ ಫೀ ಇಲ್ಲ. ಅಂದರೆ ಯಾರಿಗೆ ಯಾರ ಅಗತ್ಯ ಜಾಸ್ತಿಯೋ ಅವರು ದುಡ್ಡು ಬಿಚ್ಚುತ್ತಾರೆ. ಚಾನೆಲ್‌ನ ‘ನಿಜವಾದ ಬೆಲೆ’ ಅಂತ ಯಾರಾದರೂ ಭಾಷಣ ಮಾಡಿದರೆ ಸುಮ್ನೆ ನಕ್ಕುಬಿಡಿ.

ಪ್ರಶ್ನೆ: ಅಮೆರಿಕದಲ್ಲೂ ಈ ರಗಳೆ ಇದೆಯಾ?
– ಕುವೆಂಪುನಗರ, ಮೈಸೂರು

ಉತ್ತರ: ಧಾರಾಳವಾಗಿ ಇದೆ. 1992ರ ಕಾನೂನಿನ ಪ್ರಕಾರ ಅಲ್ಲಿನ ಸ್ಥಳೀಯ ಟೀವಿ ಸ್ಟೇಷನ್ ಮೂರು ವರ್ಷಕ್ಕೊಮ್ಮೆ ಒಂದನ್ನು ಆರಿಸಿಕೊಳ್ಳಬೇಕು: ಕೇಬಲ್‌ನವರು ಕಡ್ಡಾಯವಾಗಿ ತೋರಿಸಲಿ, ಆದರೆ ಬಿಡಿಗಾಸು ಇಲ್ಲ, ಇಲ್ಲವೇ ಒಪ್ಪಿಗೆಗೆ ರೇಟು ಮಾತಾಡಿಕೊಳ್ಳಲಿ. ಮಾತು ಮುರಿದರೆ ಚಾನೆಲ್ ಮಾಯ. 2013ರಲ್ಲಿ ಸಿಬಿಎಸ್ ಅನ್ನುವ ದೊಡ್ಡ ಚಾನೆಲ್ ಹೀಗೇ ಒಂದು ತಿಂಗಳು ನ್ಯೂಯಾರ್ಕಿನ ಎಷ್ಟೋ ಮನೆಗಳಲ್ಲಿ ಬರಲಿಲ್ಲ.

ಪ್ರಶ್ನೆ: ನನಗೆ ಬೇಕಿರುವುದು ಎರಡೇ ಕನ್ನಡ ಚಾನೆಲ್. ಪ್ಯಾಕ್ ತಗೊಳ್ಳಿ, ಅದೇ ಅಗ್ಗ ಅನ್ನುತ್ತಾರೆ. ಏನು ಮಾಡಲಿ?
– ವಿದ್ಯಾರ್ಥಿ, ಮಂಡ್ಯ

ಉತ್ತರ: ಅಸಲಿ ಕಥೆ ಇಲ್ಲೇ ಇರುವುದು ತಮ್ಮಾ. ನಿಮಗೆ ಬೇಕಾದ ಚಾನೆಲ್‌ಗೆ ಬಿಡಿಯಾಗಿ ದೊಡ್ಡ ಬೆಲೆ ಇಡುತ್ತಾರೆ. ಅದನ್ನೇ ಬೇಡದ ಆರೇಳು ಚಾನೆಲ್ ಜೊತೆ ಕಟ್ಟಿ ಪ್ಯಾಕ್ ಮಾಡಿ ಅಗ್ಗ ಅನ್ನುತ್ತಾರೆ. ಯಾರೂ ನೋಡದ ಚಾನೆಲ್‌ಗೂ ಲಕ್ಷಾಂತರ ಮನೆಯ ಲೆಕ್ಕ ಸಿಗುತ್ತದೆ, ಅದನ್ನು ತೋರಿಸಿ ಜಾಹೀರಾತು ಹಿಡಿಯಬಹುದು. ಟ್ರಾಯ್ 2020ರಲ್ಲಿ, ಪ್ಯಾಕಿಗೆ ಸೇರುವ ಚಾನೆಲ್ 12 ರೂಪಾಯಿ ಮೀರಬಾರದು ಅಂತು. ಚಾನೆಲ್‌ನವರು ಕೋರ್ಟಿಗೆ ಹೋದರು. 2022ರ ನವೆಂಬರಿನಲ್ಲಿ ಆ ಮಿತಿ ಮತ್ತೆ ಹಿಂದಿನ 19 ರೂಪಾಯಿ ಆಯಿತು, ಪ್ಯಾಕಿನ ರಿಯಾಯಿತಿಗೆ ಶೇ. 45ರ ಮಿತಿ ಬಂತು. 2023ರ ಫೆಬ್ರವರಿಯಲ್ಲಿ ಹೊಸ ರೇಟಿಗೆ ಸಹಿ ಹಾಕದ ಕೇಬಲ್ ಕಂಪನಿಗಳಿಗೆ ದೊಡ್ಡ ಚಾನೆಲ್‌ಗಳು ಸಿಗ್ನಲ್ಲೇ ನಿಲ್ಲಿಸಿದವು. ತಿಂಗಳ ದುಡ್ಡು ಕಟ್ಟಿದ್ದ ಜನ ಖಾಲಿ ಸ್ಕ್ರೀನ್ ನೋಡಿಕೊಂಡು ಕೂತರು.

ಚಾನೆಲ್‌ಗೆ ದುಡ್ಡು ಕೊಡಬಾರದು ಅಂತ ನಾನು ಹೇಳುವುದಿಲ್ಲ. ಮನೆಯವರು ಹೆಸರು ಹೇಳಿ ಆರಿಸಿದ ಚಾನೆಲ್‌ಗೆ ಮಾತ್ರ ಹೋಗಬೇಕು, ಅಷ್ಟೇ. ನೀವು ಎರಡೇ ಚಾನೆಲ್ ಬಿಡಿಯಾಗಿ ಕೇಳಿ. ಪೇ ಚಾನೆಲ್‌ಗಳನ್ನು ಬಿಡಿಯಾಗಿ ಕೊಡಲೇಬೇಕು ಅಂತ ನಿಯಮ ಇದೆ, ಕೇಬಲ್‌ನವರು ಆಗಲ್ಲ ಅನ್ನುವಂತಿಲ್ಲ. ಎರಡರ ಬೆಲೆ ಕೂಡಿಸಿ, ಪ್ಯಾಕಿನ ಬೆಲೆ ಪಕ್ಕದಲ್ಲಿ ಬರೆದು ನೋಡಿ. ಪ್ಯಾಕೇ ಕಡಿಮೆ ಬಂದರೆ ಅದನ್ನೇ ತಗೊಳ್ಳಿ, ಸಿದ್ಧಾಂತಕ್ಕೆ ಅಂತ ಜಾಸ್ತಿ ಕಟ್ಟುವುದು ಬೇಡ.