ಪೈಲಟ್ ಕೆಲಸಕ್ಕೆ ಅರ್ಜಿ: ಗಂಟೆ ಮೊದಲು, ಗುಣಗಾನ ಆಮೇಲೆ

ಪ್ರಶ್ನೆ: ಸಿಪಿಎಲ್ (ಕಮರ್ಷಿಯಲ್ ಪೈಲಟ್ ಲೈಸೆನ್ಸ್) ಕೈಗೆ ಬಂದು ಎಂಟು ತಿಂಗಳಾಯಿತು. ಐದು ಕಡೆ ರೆಸ್ಯೂಮೆ ಕಳಿಸಿದ್ದೇನೆ, ಒಂದು ಕಡೆಯಿಂದಲೂ ಕರೆ ಇಲ್ಲ. ಅದರ ಪ್ರತಿ ಜೊತೆಗಿದೆ. ಎಲ್ಲಿ ಎಡವಿದ್ದೇನೆ?
– ಓದುಗ, ತೀರ್ಥಹಳ್ಳಿ

ಉತ್ತರ: ನಿಮ್ಮ ರೆಸ್ಯೂಮೆ ಮೂರು ಪುಟ ಇದೆ. ಮೊದಲ ಪುಟದಲ್ಲಿ ‘ಆಬ್ಜೆಕ್ಟಿವ್’ ಎಂದು ಐದು ಸಾಲು, ಅದರ ಕೆಳಗೆ ಎಸ್ಸೆಸ್ಸೆಲ್ಸಿ ಅಂಕ, ಭಾಷಣ ಸ್ಪರ್ಧೆಯ ಬಹುಮಾನ. ಹಾರಾಟದ ಲೆಕ್ಕ ಸಿಗುವುದು ಮೂರನೇ ಪುಟದಲ್ಲಿ, ಅದೂ ‘200+ ಗಂಟೆ’ ಎಂಬ ಒಂದೇ ಮಾತಿನಲ್ಲಿ. 200 ಗಂಟೆ ಆಗದೆ ವಿಮಾನಯಾನ ನಿಯಂತ್ರಕ ಡಿಜಿಸಿಎ ಸಿಪಿಎಲ್ ಕೊಡುವುದೇ ಇಲ್ಲ. ಹಾಗಾಗಿ ಆ ಮಾತಿನಿಂದ ಓದುವವರಿಗೆ ಹೊಸದಾಗಿ ಏನೂ ತಿಳಿಯುವುದಿಲ್ಲ.

ಒಂದೇ ಪುಟ ಮಾಡಿ. ಹೆಸರು, ಫೋನ್, ಇಮೇಲ್, ಊರು ಬರೆದ ತಕ್ಷಣ ಲೈಸೆನ್ಸಿನ ವಿವರ ಬರಲಿ: ಸಿಪಿಎಲ್, ಅದರ ಮೇಲೆ ನಮೂದಾದ ವಿಮಾನಗಳು, ಮಲ್ಟಿ ಎಂಜಿನ್, ಇನ್‌ಸ್ಟ್ರುಮೆಂಟ್ ರೇಟಿಂಗ್ (ಉಪಕರಣಗಳನ್ನಷ್ಟೇ ನೋಡಿ ಹಾರಿಸುವ ಅರ್ಹತೆ), ಎಫ್‌ಆರ್‌ಟಿಒಎಲ್ (ವಿಮಾನದ ರೇಡಿಯೊ ಬಳಸುವ ಲೈಸೆನ್ಸ್), ಕ್ಲಾಸ್ 1 ಮೆಡಿಕಲ್ (ಪೈಲಟ್‌ಗಳ ವೈದ್ಯಕೀಯ ಪ್ರಮಾಣಪತ್ರ), ಇಂಗ್ಲಿಷ್ ಪ್ರಾವೀಣ್ಯದ ಲೆವೆಲ್, ಪಾಸ್‌ಪೋರ್ಟ್. ಅವಧಿ ಇರುವ ಪ್ರತಿಯೊಂದರ ಎದುರಿಗೂ ಅದು ಮುಗಿಯುವ ತಾರೀಖು ಇರಬೇಕು. ಇನ್‌ಸ್ಟ್ರುಮೆಂಟ್ ರೇಟಿಂಗಿಗೆ ಆಯುಷ್ಯ 12 ತಿಂಗಳು, 40 ದಾಟದವರ ಕ್ಲಾಸ್ 1 ಮೆಡಿಕಲ್ಲಿಗೂ ಅಷ್ಟೇ. ತಾರೀಖು ಕಾಣದಿದ್ದರೆ ‘ಮುಗಿದಿರಬೇಕು’ ಎಂದುಕೊಂಡು ಪಕ್ಕಕ್ಕಿಡುತ್ತಾರೆ.

ಅದರ ಕೆಳಗೆ ಗಂಟೆಗಳ ಪಟ್ಟಿ. ಉದಾಹರಣೆಗೆ: ಒಟ್ಟು 206:35. ಪಿಐಸಿ (ವಿಮಾನದ ಹೊಣೆ ನಿಮ್ಮದೇ ಆಗಿದ್ದ ಹಾರಾಟ) 108:10, ಡ್ಯುಯಲ್ (ತರಬೇತುದಾರರ ಜೊತೆಗಿನ ಹಾರಾಟ) 98:25. ಸಿಂಗಲ್ ಎಂಜಿನ್ 189:50, ಮಲ್ಟಿ ಎಂಜಿನ್ 16:45. ಪಿಐಸಿ ಕ್ರಾಸ್ ಕಂಟ್ರಿ (ಒಂದೂರಿಂದ ಇನ್ನೊಂದೂರಿಗೆ ಹಾರಾಟ), ರಾತ್ರಿ ಹಾರಾಟ, ಇನ್‌ಸ್ಟ್ರುಮೆಂಟ್, ಇವು ಬೇರೆ ಬೇರೆ ಸಾಲು. ಸಿಮ್ಯುಲೇಟರ್ ಗಂಟೆಯನ್ನು ಪ್ರತ್ಯೇಕವಾಗಿ ತೋರಿಸಿ, ವಿಮಾನದ ಒಟ್ಟು ಗಂಟೆಗೆ ಸೇರಿಸಬೇಡಿ. ಕೊನೆಯ ಆರು ತಿಂಗಳಲ್ಲಿ ಎಷ್ಟು ಹಾರಿದ್ದೀರಿ, ಕೊನೆಯ ಹಾರಾಟ ಯಾವತ್ತು ಎಂಬುದೂ ಇರಲಿ. ಮೇಲಿನ ಲೆಕ್ಕ ಕೂಡಿ ನೋಡಿ: ಪಿಐಸಿಗೆ ಡ್ಯುಯಲ್ ಸೇರಿಸಿದರೂ 206:35, ಸಿಂಗಲ್ಲಿಗೆ ಮಲ್ಟಿ ಸೇರಿಸಿದರೂ 206:35. ಹೀಗೆ ಎರಡು ಕಡೆಯಿಂದಲೂ ತಾಳೆಯಾಗಬೇಕು. ನೀವು ಕಳಿಸಿದ ಪ್ರತಿಯಲ್ಲಿ ತಾಳೆಯಾಗುತ್ತಿಲ್ಲ, ಒಂದೂವರೆ ಗಂಟೆಯ ವ್ಯತ್ಯಾಸ ಇದೆ. ನೀವು ಬೇಕೆಂದು ಮಾಡಿದ್ದಲ್ಲ ಎಂದು ನಮಗನಿಸುತ್ತದೆ. ಆದರೆ ಲಾಗ್‌ಬುಕ್ ಎದುರಿಗಿಟ್ಟು ನೋಡುವವರಿಗೆ ಹಾಗೆ ಅನಿಸಲೇಬೇಕೆಂದಿಲ್ಲ.

ಈ ತಪ್ಪು ಹೆಚ್ಚಾಗಿ ನುಸುಳುವುದು ಎರಡು ಜಾಗದಲ್ಲಿ. ಒಂದು, ಚುಕ್ಕಿ. 1:30 ಎಂದರೆ ಒಂದೂವರೆ ಗಂಟೆ. ಅದನ್ನೇ 1.30 ಎಂದು ಬರೆದು ಕ್ಯಾಲ್ಕುಲೇಟರಿನಲ್ಲಿ ಕೂಡಿದರೆ ಅದು 1 ಗಂಟೆ 18 ನಿಮಿಷ ಎಂದಾಗುತ್ತದೆ. ಇನ್ನೊಂದು, ಎಕ್ಸೆಲ್. ಅದರಲ್ಲಿ ಸಮಯ ಕೂಡಿದಾಗ 24 ಗಂಟೆ ದಾಟಿದ ತಕ್ಷಣ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ, 206:35 ಬರಬೇಕಾದ ಕಡೆ 14:35 ಕಾಣುತ್ತದೆ. ಆ ಸೆಲ್ಲಿನ ಟೈಮ್ ಫಾರ್ಮ್ಯಾಟಿನಲ್ಲಿ 37:30:55 ಎಂಬ ಮಾದರಿ ಆರಿಸಿಕೊಂಡರೆ ಸರಿಯಾಗುತ್ತದೆ. ಏನೇ ಆದರೂ ಕಾಗದದ ಲಾಗ್‌ಬುಕ್, ಡಿಜಿಸಿಎಯ ಆನ್‌ಲೈನ್ ತಾಣವಾದ ಇಜಿಸಿಎಯಲ್ಲಿರುವ ಇ-ಲಾಗ್‌ಬುಕ್, ರೆಸ್ಯೂಮೆ ಮೂರರಲ್ಲೂ ಒಂದೇ ಅಂಕಿ ಇರಲಿ. 206:35 ಇದ್ದದ್ದನ್ನು 210 ಎಂದು ದುಂಡಗೆ ಮಾಡಲು ಹೋಗಬೇಡಿ.

ಪಿಯುಸಿಯ ಭೌತಶಾಸ್ತ್ರ, ಗಣಿತದ ಅಂಕ ಸಾಕು. ಆಧಾರ್, ಪ್ಯಾನ್, ತಂದೆಯ ಉದ್ಯೋಗ, ಜಾತಿ ಬೇಡ.

ಪ್ರಶ್ನೆ: ತರಬೇತಿ ಮುಗಿದ ಮೇಲೆ ಹದಿನಾಲ್ಕು ತಿಂಗಳು ಮನೆಯಲ್ಲೇ ಇದ್ದೆ. ಅಪ್ಪನಿಗೆ ಹುಷಾರಿರಲಿಲ್ಲ, ಕೊನೆ ಕೊಯ್ಲು, ಅಡಿಕೆ ಸುಲಿತ ಎಲ್ಲ ನಾನೇ ನೋಡಿಕೊಂಡೆ. ಈ ಅಂತರವನ್ನು ಹೇಗೆ ಮುಚ್ಚುವುದು?
– ಓದುಗಿ, ಕೊಪ್ಪ

ಉತ್ತರ: ಮುಚ್ಚಬೇಡಿ. ಕೊನೆಯ ಹಾರಾಟದ ದಿನ ಲಾಗ್‌ಬುಕ್ಕಿನಲ್ಲೇ ಇರುವಾಗ ಮುಚ್ಚುವುದಾದರೂ ಹೇಗೆ? ‘ಇಂಥ ತಿಂಗಳಿಂದ ಇಂಥ ತಿಂಗಳವರೆಗೆ ತಂದೆಯ ಅನಾರೋಗ್ಯದಿಂದಾಗಿ ಮನೆಯ ತೋಟದ ನಿರ್ವಹಣೆ’ ಎಂದು ಒಂದು ಸಾಲು ಬರೆದರೆ ಮುಗಿಯಿತು. ಕಂಪನಿಯವರ ಚಿಂತೆ ಬೇರೆ: ಕೈ ತುಕ್ಕು ಹಿಡಿದಿದೆಯೇ, ಕಾಗದಪತ್ರ ಊರ್ಜಿತವೇ? ಹದಿನಾಲ್ಕು ತಿಂಗಳೆಂದರೆ ಇನ್‌ಸ್ಟ್ರುಮೆಂಟ್ ರೇಟಿಂಗೂ ಮೆಡಿಕಲ್ಲೂ ಎರಡೂ ಮುಗಿದಿರುತ್ತವೆ. ಅರ್ಜಿ ಹಾಕುವ ಮೊದಲೇ ನವೀಕರಿಸಿಕೊಳ್ಳಿ. ದುಡ್ಡಿನ ತಾಪತ್ರಯ ಇದ್ದರೆ ಮೆಡಿಕಲ್ ಮೊದಲು ಮಾಡಿಸಿ. ಅದು ಆಗದಿದ್ದರೆ ರೇಟಿಂಗಿಗೆ ಸುರಿದ ಹಣ ವ್ಯರ್ಥ. ಒಂದೆರಡು ಗಂಟೆ ಹಾರಿ, ಅದನ್ನೂ ಪಟ್ಟಿಗೆ ಸೇರಿಸಿ.

ಪ್ರಶ್ನೆ: ಕವರ್ ಲೆಟರಿನಲ್ಲಿ ಏನು ಬರೆಯಬೇಕು? ಶಿವಮೊಗ್ಗದ ಸೋಗಾನೆಯಲ್ಲಿ ವಿಮಾನ ನಿಲ್ದಾಣ ಆದಾಗಿನಿಂದ ನಮ್ಮೂರಿಗೇ ವಿಮಾನ ಹಾರಿಸಿಕೊಂಡು ಬರಬೇಕೆಂಬ ಆಸೆ. ಅದನ್ನು ಬರೆಯಬಹುದೇ?
– ಓದುಗ, ಭದ್ರಾವತಿ

ಉತ್ತರ: ಆಸೆ ಇರಲಿ, ಪತ್ರದಲ್ಲಿ ಬೇಡ. ಬೇಸ್ ಎಲ್ಲಿ ಕೊಡಬೇಕೆಂಬುದು ಕಂಪನಿಯ ತೀರ್ಮಾನ. ಹೊಸಬರು ಊರಿನ ಹೆಸರೆತ್ತಿದರೆ ‘ಬೇರೆ ಕಡೆ ಹಾಕಿದರೆ ತಕರಾರು ತೆಗೆಯುತ್ತಾನೆ’ ಎಂದು ಓದಿಕೊಳ್ಳುವ ಅಪಾಯ ಇದೆ. ‘ಎಲ್ಲಿಗಾದರೂ ಬರಲು ಸಿದ್ಧ’ ಎಂದು ಬರೆಯಿರಿ. ‘ಬಾಲ್ಯದಿಂದಲೂ ಆಕಾಶ ನೋಡುತ್ತಾ ಬೆಳೆದೆ’ ಎಂಬ ಸಾಲನ್ನೂ ಬಿಡಿ, ಹತ್ತರಲ್ಲಿ ಎಂಟು ಪತ್ರ ಹಾಗೇ ಶುರುವಾಗುತ್ತವೇನೋ ಅನ್ನಿಸುತ್ತದೆ.

ಪತ್ರ ಇಂಗ್ಲಿಷಿನಲ್ಲಿ, ಸುಮಾರು 200 ಪದ, ನಾಲ್ಕು ಪ್ಯಾರಾ. ಮೊದಲನೆಯದರಲ್ಲಿ ಯಾವ ಹುದ್ದೆ, ಜಾಹೀರಾತಿನ ಸಂಖ್ಯೆ ಏನು. ಎರಡನೆಯದರಲ್ಲಿ ಲೈಸೆನ್ಸ್, ಒಟ್ಟು ಗಂಟೆ, ಮಲ್ಟಿ ಎಂಜಿನ್ ಗಂಟೆ. ಮೂರನೆಯದೇ ಪತ್ರದ ಜೀವ: ನಿಮ್ಮ ತೀರ್ಮಾನ ಶಕ್ತಿ ಕಾಣುವ ಒಂದು ಸಂದರ್ಭ. ಅದರ ತಿರುಳು ಹೀಗಿರಬಹುದು: ‘ಒಂಟಿಯಾಗಿ ಕ್ರಾಸ್ ಕಂಟ್ರಿ ಹೋಗುವಾಗ ಎರಡನೇ ಹಂತದಲ್ಲಿ ಮೋಡ ಮುನ್ಸೂಚನೆಗಿಂತ ಕೆಳಗಿಳಿದಿತ್ತು. ಮುಂದುವರಿಯದೆ, ಇಂಧನ ಲೆಕ್ಕ ಹಾಕಿ, ಎಟಿಸಿಗೆ (ವಿಮಾನ ಸಂಚಾರ ನಿಯಂತ್ರಣ ಕೇಂದ್ರಕ್ಕೆ) ತಿಳಿಸಿ ಹೊರಟ ಕಡೆಗೇ ಮರಳಿದೆ. ಎರಡು ದಿನದ ಮೇಲೆ ಅದೇ ಹಾರಾಟ ಪೂರೈಸಿದೆ.’ ಇಷ್ಟೇ ಸಾಕು, ಸಾಹಸದ ಬಣ್ಣ ಬೇಡ. ನಿಜವಾಗಿ ನಡೆದದ್ದನ್ನೇ ಬರೆಯಿರಿ, ಸಂದರ್ಶನದಲ್ಲಿ ಆ ದಿನದ ಹವಾಮಾನ ವರದಿಯನ್ನೇ ಕೇಳಿಯಾರು. ನಾಲ್ಕನೆಯದರಲ್ಲಿ ಯಾವಾಗಿನಿಂದ ಸೇರಬಲ್ಲಿರಿ ಎಂಬುದು.

ಕಂಪನಿ ಯಾವ ವಿಮಾನ ಓಡಿಸುತ್ತದೆ ಎಂದು ಗಮನಿಸಿ. 2023ರ ಆಗಸ್ಟ್ 31ರಂದು ಶಿವಮೊಗ್ಗಕ್ಕೆ ಮೊದಲು ಬಂದ ಪ್ರಯಾಣಿಕರ ವಿಮಾನ ಎಟಿಆರ್ 72, ಅದು ಟರ್ಬೊಪ್ರಾಪ್, ಅಂದರೆ ಪ್ರೊಪೆಲ್ಲರ್ ವಿಮಾನ. ಎಟಿಆರ್ ಹುದ್ದೆಗೆ ಕಳಿಸುವ ಪತ್ರದಲ್ಲಿ ‘ನಿಮ್ಮ ಬೋಯಿಂಗ್ ಹಾರಿಸುವ ಕನಸು’ ಎಂಬ ಹಳೆಯ ಸಾಲು ಹಾಗೇ ಉಳಿದುಹೋದರೆ, ನಕಲು ಮಾಡಿ ಅಂಟಿಸಿದ್ದು ಗೊತ್ತಾಗಿಬಿಡುತ್ತದೆ.

ಪ್ರಶ್ನೆ: ಸ್ಕಿಲ್ ಟೆಸ್ಟಿನಲ್ಲಿ (ವಿಮಾನ ಹಾರಿಸಿ ತೋರಿಸುವ ಪರೀಕ್ಷೆಯಲ್ಲಿ) ಒಮ್ಮೆ ಫೇಲಾಗಿದ್ದೇನೆ. ಹೇಳಬೇಕೇ?
– ಹೆಸರು ಬೇಡ, ಸಾಗರ

ಉತ್ತರ: ರೆಸ್ಯೂಮೆಯಲ್ಲಿ ಬೇಕಿಲ್ಲ. ಅರ್ಜಿ ನಮೂನೆಯಲ್ಲೋ ಸಂದರ್ಶನದಲ್ಲೋ ಕೇಳಿದರೆ ಮಾತ್ರ ಇದ್ದದ್ದನ್ನು ಇದ್ದಹಾಗೆ ಹೇಳಿ: ಯಾವ ಭಾಗದಲ್ಲಿ, ಯಾಕೆ, ಮತ್ತೆ ಎಷ್ಟು ಗಂಟೆ ಅಭ್ಯಾಸ ಮಾಡಿ ಪಾಸಾದಿರಿ. ಫೇಲಾದವರಿಗೆ ಕೆಲಸ ಸಿಕ್ಕ ಉದಾಹರಣೆ ಬೇಕಾದಷ್ಟಿವೆ. ಸುಳ್ಳು ಹೇಳಿ ಸಿಕ್ಕಿಬಿದ್ದವರದು ಬೇರೆ ಕತೆ. ನಕಲಿ ಅಂಕಪಟ್ಟಿ ಕೊಟ್ಟು ಲೈಸೆನ್ಸ್ ಪಡೆದ ಕೆಲವು ಪೈಲಟ್‌ಗಳು 2011ರಲ್ಲಿ ಬಂಧನಕ್ಕೂ ಒಳಗಾಗಿದ್ದರು.

ಪ್ರಶ್ನೆ: ಮಗನ ರೆಸ್ಯೂಮೆಯನ್ನು ‘ಒಳಗೆ ತಲುಪಿಸುತ್ತೇವೆ’ ಎಂದು ಒಬ್ಬರು ದುಡ್ಡು ಕೇಳುತ್ತಿದ್ದಾರೆ. ಟೈಪ್ ರೇಟಿಂಗ್ (ಒಂದು ನಿರ್ದಿಷ್ಟ ಮಾದರಿಯ ವಿಮಾನ ಹಾರಿಸುವ ಅರ್ಹತೆ) ಈಗಲೇ ಮಾಡಿಸಿಬಿಡಿ ಎಂದೂ ಹೇಳುತ್ತಾರೆ.
– ಓದುಗರು, ಹೊಸನಗರ

ಉತ್ತರ: ದುಡ್ಡು ಕೊಡಬೇಡಿ. ಕಂಪನಿಗಳು ತಮ್ಮ ವೆಬ್‌ಸೈಟಿನ ಕೆರಿಯರ್ಸ್ ಪುಟದಲ್ಲೇ ಅರ್ಜಿ ಕರೆಯುತ್ತವೆ. ಟೈಪ್ ರೇಟಿಂಗ್ ಒಂದೇ ಮಾದರಿಯ ವಿಮಾನಕ್ಕೆ ಸೀಮಿತ. ಎ320ಗೆ ಮಾಡಿಸಿದ್ದು ಎಟಿಆರ್‌ಗೆ ಬರುವುದಿಲ್ಲ. ಖರ್ಚು ಲಕ್ಷಗಳಲ್ಲಿ, ಮಾಡಿಸಿ ಸುಮ್ಮನೆ ಕೂತರೆ ಮರೆಯುತ್ತದೆ. ಜಾಹೀರಾತುಗಳಲ್ಲಿ ‘ಟೈಪ್ ರೇಟೆಡ್’ ಬೇಕೆನ್ನುವವು ಎಷ್ಟು, ಬೇಡ ಎನ್ನುವವು ಎಷ್ಟು ಎಂದು ಆರು ತಿಂಗಳು ಗುರುತು ಹಾಕಿಕೊಂಡು ಆಮೇಲೆ ನಿರ್ಧರಿಸಿ.

ಇನ್ನೊಂದು ಮಾತು, ನಿಮ್ಮ ಕಡೆಯವರಿಗೆ ಮುಖ್ಯ. ಮಳೆಗಾಲದಲ್ಲಿ ಕರೆಂಟು ಹೋದರೆ ಸಿಗ್ನಲ್ಲೂ ಹೋಗುತ್ತದೆ. ರೆಸ್ಯೂಮೆಯಲ್ಲಿ ಶಿವಮೊಗ್ಗದಲ್ಲೋ ಬೆಂಗಳೂರಲ್ಲೋ ಇರುವ ನೆಂಟರ ನಂಬರನ್ನೂ ಅವರಿಗೆ ಹೇಳಿ ಕೊಡಿ, ಇಮೇಲ್ ದಿನಕ್ಕೊಮ್ಮೆ ನೋಡಲಿ. ಕಂಪನಿಯ ಆಯ್ಕೆ ಪರೀಕ್ಷೆಗೆ ಎರಡೇ ದಿನ ಮೊದಲು ಕರೆ ಬರುವುದುಂಟು.