ಒಂಬತ್ತನೇ ದಿನ ಜ್ವರ ಬಂತು

ಪ್ರಶ್ನೆ: ನನಗೆ 34 ವರ್ಷ. ಕಾಸರಗೋಡಿನ ಬದಿಯಡ್ಕದ ಹತ್ತಿರದ ಹಳ್ಳಿಗೆ ಮದುವೆಯಾಗಿ ಬಂದವಳು. ಕನ್ನಡ ಬಿಎ, ಬಿಎಡ್ ಆಗಿದೆ. ಕೇರಳ ಪಿಎಸ್‌ಸಿ ಬರೆದು ಹೈಸ್ಕೂಲಿನಲ್ಲಿ ಕನ್ನಡ ಟೀಚರ್ ಆಗಬೇಕು ಅಂತ ಆಸೆ. ಮನೆಯಲ್ಲಿ ಅತ್ತೆ, ಇಬ್ಬರು ಮಕ್ಕಳು, ಎರಡು ದನ, ಅಡಿಕೆ ತೋಟ. ಬಿಸು ಹಬ್ಬ ಕಳೆದ ಮರುದಿನ ಟೈಮ್‌ಟೇಬಲ್ ಬರೆದೆ. ನಾಲ್ಕೂವರೆಗೆ ಏಳುವುದು, ಯೋಗ, ಎರಡು ಗಂಟೆ ಓದು, ಮಲಯಾಳಂ ಕಲಿಕೆ, ರಾತ್ರಿ ಮೊಬೈಲ್ ಬಂದ್. ಎಂಟು ದಿನ ನಡೆಯಿತು. ಒಂಬತ್ತನೇ ದಿನ ಚಿಕ್ಕವನಿಗೆ ಜ್ವರ. ಅಲ್ಲಿಗೆ ನಿಂತಿತು. ಈಗ ಅದೇ ನೋಟ್‌ಬುಕ್ಕಿನಲ್ಲಿ ಹಾಲಿನ ಲೆಕ್ಕ ಬರೆಯುತ್ತಿದ್ದೇನೆ. ಹೀಗಾಗುವುದು ಇದು ನಾಲ್ಕನೇ ಸಲ. ಯಜಮಾನರು ಬೈಯುವುದಿಲ್ಲ, “ನಿನ್ನದು ಆರಂಭಶೂರತನ” ಅಂತ ನಗುತ್ತಾರೆ. ನನಗೆ ಛಲವೇ ಇಲ್ಲವಾ?

ಉತ್ತರ: ತಂಗೀ, ದನ ಕರೆಯುವ ಮೊದಲೇ ಎದ್ದು ಎಂಟು ದಿನ ಓದಿದವರಿಗೆ ಛಲ ಇಲ್ಲ ಅಂತ ನಾನಂತೂ ಹೇಳಲಾರೆ. ಆದರೆ ಆ ಟೈಮ್‌ಟೇಬಲ್ಲನ್ನು ನೀವು ಮಕ್ಕಳಿಗೆ ಜ್ವರವೇ ಬಾರದ ಮನೆಗೆ ಬರೆದಿದ್ದೀರಿ. ಅಂಥ ಮನೆ ಎಲ್ಲಿದೆ ಹೇಳಿ?

ಒಂದು ಮಾತು ಕೇಳುತ್ತೇನೆ. ನಿಮಗೆ ಬೇಕಾದ್ದು ಕೆಲಸವಾ, ಕಲಿಸುವುದಾ? ಎರಡೂ ಬೇಕು ಅಂದರೆ ತಪ್ಪೇನಿಲ್ಲ, ಸಂಬಳ ಯಾರಿಗೆ ಬೇಡ. ಆದರೆ ನೋಟಿಫಿಕೇಶನ್ ಯಾವಾಗ ಬರುತ್ತದೆ, ಎಷ್ಟು ಹುದ್ದೆ ಇರುತ್ತದೆ ಅನ್ನುವುದು ನಿಮ್ಮ ಕೈಯಲ್ಲಿಲ್ಲ. ಕಲಿಸುವುದು ಇದೆ. ಕವಿ ಕಯ್ಯಾರ ಕಿಞ್ಞಣ್ಣ ರೈಗಳು ನಿಮ್ಮ ಊರಿನವರೇ, ಪೆರಡಾಲದಲ್ಲಿ ಮೇಷ್ಟ್ರಾಗಿದ್ದವರು. ಪಾಠ ಮಾಡಿದರು, ತೋಟ ನೋಡಿಕೊಂಡರು, ಬರೆದರು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಕನ್ನಡಕ್ಕಾಗಿ ಹೋರಾಡುತ್ತಲೇ ಇದ್ದರು. ನೂರು ವರ್ಷ ಬದುಕಿದರು. ಕೆಲಸ ನಾಲ್ಕು, ಎಳೆ ಒಂದೇ. ನಿಮ್ಮ ಎಳೆ ಯಾವುದು ಅಂತ ಮೊದಲು ನೋಡಿಕೊಳ್ಳಿ. ಭಾನುವಾರ ನೆರೆಮನೆಯ ಮೂರು ಮಕ್ಕಳನ್ನು ಜಗಲಿಯಲ್ಲಿ ಕೂರಿಸಿ ಒಂದು ಗಂಟೆ ಕನ್ನಡ ಓದಿಸಿ. ಇಂಗ್ಲಿಷ್ ಶಾಲೆಗೆ ಹೋಗಿ, ಮನೆಯಲ್ಲಿ ತುಳುವೋ ಕನ್ನಡವೋ ಮಾತಾಡಿ, ಕನ್ನಡ ಅಕ್ಷರ ಕಂಡರೆ ತಡವರಿಸುವ ಮಕ್ಕಳು ಹುಡುಕದೆಯೇ ಸಿಗುತ್ತಾರೆ. ಅದಕ್ಕೆ ರ್‍ಯಾಂಕ್ ಲಿಸ್ಟ್ ಬೇಡ.

ಇನ್ನು ಓದು. ಪೆರ್ಲ, ಬಾಯಾರು ಕಡೆಯ ಗುಡ್ಡಗಳಲ್ಲಿ ನೀರಿಗಾಗಿ ಅಡ್ಡಕ್ಕೆ ಕೊರೆದ ಸುರಂಗ ನೋಡಿರುತ್ತೀರಿ. ಒಬ್ಬ ಮನುಷ್ಯ ಬಗ್ಗಿ ಹೋಗುವಷ್ಟೇ ಜಾಗ. ಪಿಕ್ಕಾಸಿನಲ್ಲಿ ಮುರಕಲ್ಲು ಕಡಿಯಬೇಕು, ಮಣ್ಣನ್ನು ಬುಟ್ಟಿಯಲ್ಲಿ ಹೊರಗೆ ತರಬೇಕು. ದಿನಕ್ಕೆ ಸ್ವಲ್ಪ ಸ್ವಲ್ಪ. ಎಷ್ಟೋ ದಿನ ಒಣ ಮಣ್ಣೇ. ಒಳಗೆ ಕ್ಯಾಂಡಲ್ ಹಚ್ಚಿಟ್ಟುಕೊಳ್ಳುತ್ತಾರೆ. ಅದು ನಂದಿದರೆ ಗಾಳಿ ಸಾಲದು ಅಂತ ಲೆಕ್ಕ, ಕೂಡಲೇ ಹೊರಗೆ ಬರಬೇಕು. ಹಾಗೆ ಬಂದವನನ್ನು ಯಾರೂ ಆರಂಭಶೂರ ಅನ್ನುವುದಿಲ್ಲ. ಮರುದಿನ ಬಿಟ್ಟ ಜಾಗದಿಂದಲೇ ಕಡಿಯುತ್ತಾನೆ. ಮಗುವಿನ ಜ್ವರ ನಿಮ್ಮ ಕ್ಯಾಂಡಲ್ ನಂದಿದ ದಿನ. ಹೊರಗೆ ಬಂದದ್ದು ಸರಿಯೇ. ಜ್ವರ ಬಿಟ್ಟ ಮೇಲೆ ವಾಪಸ್ ಒಳಗೆ ಹೋಗಲಿಲ್ಲ, ಅಷ್ಟೇ ಆದದ್ದು.

ಲಂಡನ್ನಿನಲ್ಲಿ ಫಿಲಿಪ್ಪಾ ಲ್ಯಾಲಿ ಎಂಬ ಸಂಶೋಧಕಿ 96 ಜನರನ್ನು ಇಟ್ಟುಕೊಂಡು ಇದನ್ನೇ ಪರೀಕ್ಷಿಸಿದರು. ಒಂದು ಅಭ್ಯಾಸ ತಾನಾಗಿ ನಡೆಯಲು ಸುಮಾರು 66 ದಿನ ಬೇಕಾಯಿತು. ಕೆಲವರಿಗೆ 18 ದಿನ ಸಾಕಾದರೆ, ಕೆಲವರಿಗೆ 254 ದಿನವಾಗುವಂತಿತ್ತು. ನಡುವೆ ಒಂದು ದಿನ ತಪ್ಪಿದ್ದರಿಂದ ಅಂಥ ವ್ಯತ್ಯಾಸವೇನೂ ಆಗಲಿಲ್ಲ. ನೀವು ಎಂಟು ದಿನಕ್ಕೇ ನಿಮ್ಮ ಮೇಲೆ ತೀರ್ಪು ಕೊಟ್ಟುಬಿಟ್ಟಿರಿ.

ನಾಲ್ಕೂವರೆ ಬಿಡಿ. ಯೋಗವನ್ನೂ ಸದ್ಯ ಬಿಡಿ. ಮಲಯಾಳಂ ಬೇಕು ನಿಜ, ಅದು ಮುಂದಿನ ಸರದಿ. ಅಲ್ಲಿಯವರೆಗೆ ಬಸ್ಸಿನ ಬೋರ್ಡು ಓದುತ್ತಾ ಇರಿ. ಸಂಜೆ ಹಟ್ಟಿ ಕೆಲಸ ಮುಗಿಸಿ, ಕೈಕಾಲು ತೊಳೆದು ಒಳಗೆ ಬರುತ್ತೀರಿ ಅಲ್ವಾ? ಬಂದವರು ಅಡುಗೆಮನೆಗೆ ಹೋಗಬೇಡಿ. ಹೋಮ್‌ವರ್ಕ್ ಮಾಡುವ ಮಗುವಿನ ಪಕ್ಕ ಕೂತುಬಿಡಿ. 20 ನಿಮಿಷ, ಹಳೆಯ ಪ್ರಶ್ನೆಪತ್ರಿಕೆಯ ಐದು ಪ್ರಶ್ನೆ. ಪುಸ್ತಕ ಹಗಲೇ ಅಲ್ಲಿ ಇರಲಿ, ಮೊಬೈಲ್ ಅತ್ತೆಯ ಕೋಣೆಯಲ್ಲಿ ಚಾರ್ಜಿಗಿರಲಿ. ಮನೆಗೆ ನೆಂಟರು ಬಂದ ದಿನ, ಮಗುವಿಗೆ ಹುಷಾರಿಲ್ಲದ ದಿನ ಒಂದೇ ಪ್ರಶ್ನೆ ಸಾಕು. ನಿಂತುಕೊಂಡೇ ಓದಿ. ಇಷ್ಟು ಕಡಿಮೆಯಾ ಅನ್ನಿಸಬಹುದು. ಪರೀಕ್ಷೆ ಹತ್ತಿರ ಬಂದಾಗ ಜಾಸ್ತಿ ಮಾಡಿಕೊಳ್ಳಿ. ಆಗ ಕೂರುವ ಅಭ್ಯಾಸವಾದರೂ ಇರುತ್ತದೆ.

ಯಜಮಾನರಿಗೆ ನಗಬೇಡಿ ಅನ್ನುವ ಬದಲು, “ಈ 20 ನಿಮಿಷ ಚಿಕ್ಕವನನ್ನು ನೀವು ನೋಡಿಕೊಳ್ಳಿ” ಅನ್ನಿ. ನೇರ ಕೇಳಿ. ಅವರೇ ಅರ್ಥ ಮಾಡಿಕೊಳ್ಳಲಿ ಅಂತ ಮನಸ್ಸಿನಲ್ಲೇ ಕೊರಗುತ್ತಾ ಕಾಯಬೇಡಿ. ನಿಮ್ಮ ನಾಲ್ಕು ಸಲದ ಪ್ರಯತ್ನವನ್ನು ಹತ್ತಿರದಿಂದ ನೋಡಿದವರು ಅವರೊಬ್ಬರೇ.

ಹೊಸ ನೋಟ್‌ಬುಕ್ ಕೊಳ್ಳಬೇಡಿ. ಹಾಲಿನ ಲೆಕ್ಕ ಅದರಲ್ಲೇ ಇರಲಿ. ಅದನ್ನೇ ತಿರುಗಿಸಿ, ಹಿಂದಿನ ಪುಟದಿಂದ ಶುರು ಮಾಡಿ. ಓದಿದ ದಿನದ ತಾರೀಕು ಮಾತ್ರ ಬರೆಯಿರಿ. ಮಳೆಗಾಲ ಕಳೆದ ಮೇಲೆ ನನಗೆ ಇನ್ನೊಂದು ಕಾಗದ ಹಾಕಿ. ಜಗಲಿಗೆ ಎಷ್ಟು ಮಕ್ಕಳು ಬರುತ್ತಿದ್ದಾರೆ ಅಂತಲೂ ಅದರಲ್ಲಿ ತಿಳಿಸಿ.