ಗಾದೆ ಹಿಗ್ಗಿಸಿದ ಕೈ ಕತೆ ಕುಗ್ಗಿಸುವುದು ಹೇಗೆ?

ಪ್ರಶ್ನೆ: ನಾನು ಸರ್ಕಾರಿ ಪ್ರೌಢಶಾಲೆಯೊಂದರ ಕನ್ನಡ ಶಿಕ್ಷಕಿ. ಒಂಬತ್ತನೇ ತರಗತಿಯವರಿಂದ ಐದಾರು ಸಾಲಿನ ಕತೆ ಬರೆಸಿ ಗೋಡೆ ಪತ್ರಿಕೆಗೆ ಹಾಕಬೇಕೆಂದು ಪ್ರತಿ ಶನಿವಾರ ಒಂದು ಅವಧಿ ಮೀಸಲಿಟ್ಟಿದ್ದೇನೆ. ಮೂರು ವಾರದಲ್ಲಿ ಬಂದ ಕತೆಗಳೆಲ್ಲ ಮೂರೇ ಬಗೆಯವು. ಕೊನೆಯಲ್ಲಿ ಯಾರೋ ಸಾಯುತ್ತಾರೆ, ಇಲ್ಲವೇ ನಡೆದದ್ದೆಲ್ಲ ಕನಸಾಗಿರುತ್ತದೆ, ಅದೂ ಇಲ್ಲದಿದ್ದರೆ ನೀತಿಯೊಂದು ಬರುತ್ತದೆ. ನಾನು ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ: ತಪ್ಪು ನಿಮ್ಮದಲ್ಲ, ಮಕ್ಕಳದೂ ಅಲ್ಲ. ಈ ಮಕ್ಕಳು ವರ್ಷಗಟ್ಟಲೆ ಗಾದೆ ವಿಸ್ತರಣೆ ಬರೆದು ಬಂದವರು. ‘ಗಾದೆಗಳು ವೇದಕ್ಕೆ ಸಮಾನ’ ಎಂದು ಆರಂಭಿಸಿ, ನಾಲ್ಕು ಪದದ ಮಾತನ್ನು ಹತ್ತು ಸಾಲಿಗೆ ಎಳೆದು, ಕೊನೆಗೆ ನೀತಿ ಹೇಳಿ ಮುಗಿಸಿದರೆ ಅಂಕ ಬರುತ್ತದೆ ಎಂದು ಅವರಿಗೆ ಗೊತ್ತು. ಹಾಗೆ ಹಿಗ್ಗಿಸಿ ರೂಢಿಯಾದ ಕೈಗೆ ಒಂದು ಶನಿವಾರ ‘ಐದೇ ಸಾಲಿನಲ್ಲಿ ಬರೆ’ ಎಂದರೆ, ಅದು ತನಗೆ ಗೊತ್ತಿರುವ ಇನ್ನೊಂದು ಪಾಠವನ್ನು ನೆನಪಿಸಿಕೊಳ್ಳುತ್ತದೆ: ಸಂಕ್ಷೇಪ ಲೇಖನ. ಒಂದಿಡೀ ಬದುಕನ್ನು ಐದು ಸಾಲಿಗೆ ತುರುಕಿದ ಮೇಲೆ ಹೊರಗೆ ಬರಲು ಸಾವು, ಕನಸು, ನೀತಿ ಬಿಟ್ಟರೆ ಬೇರೆ ಬಾಗಿಲೇ ಇರುವುದಿಲ್ಲ.

ಸಂಕ್ಷೇಪದಲ್ಲಿ ಸಾರಾಂಶ ಉಳಿದು ವಿವರ ಹೋಗುತ್ತದೆ. ಕಿರುಗತೆಯಲ್ಲಿ ವಿವರ ಉಳಿದು ಸಾರಾಂಶ ಹೋಗಬೇಕು. ಇದನ್ನು ಬಾಯಿಮಾತಿನಲ್ಲಿ ಹೇಳಿದರೆ ಮಕ್ಕಳು ಬರೆದುಕೊಳ್ಳುತ್ತಾರೆ, ಅಷ್ಟೇ. ಮಾಡಿ ತೋರಿಸಬೇಕು.

ಶಿಬಿರವೊಂದರಲ್ಲಿ ಹಾಸ್ಟೆಲಿನ ಹುಡುಗಿಯೊಬ್ಬಳು ಹೀಗೆ ಬರೆದಿದ್ದಳು: “ನನ್ನ ಅಪ್ಪನಿಗೆ ನನ್ನ ಮೇಲೆ ತುಂಬಾ ಪ್ರೀತಿ. ಪ್ರತಿ ಸೋಮವಾರ ನನ್ನನ್ನು ಕಳಿಸಲು ಬಸ್ ನಿಲ್ದಾಣಕ್ಕೆ ಬರುತ್ತಿದ್ದರು. ಬಸ್ ಬಂದ ತಕ್ಷಣ ಓಡಿಹೋಗಿ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುತ್ತಿದ್ದರು. ಈಗ ಅವರಿಗೆ ಮಂಡಿನೋವು. ಓಡಲು ಆಗುವುದಿಲ್ಲ. ನನಗೆ ತುಂಬಾ ದುಃಖವಾಗುತ್ತದೆ. ತಂದೆ ತಾಯಿಯ ಋಣ ತೀರಿಸಲು ಸಾಧ್ಯವಿಲ್ಲ.”

ಅವಳನ್ನು ಒಂದೇ ಪ್ರಶ್ನೆ ಕೇಳಿದೆ. ‘ಅಪ್ಪನಿಗೆ ಇನ್ನು ಓಡಲು ಆಗುವುದಿಲ್ಲ ಎಂದು ನಿನಗೆ ಗೊತ್ತಾದ ದಿನ ಟವೆಲ್ ಎಲ್ಲಿತ್ತು?’ ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ಇದನ್ನು ಬರೆದಳು:

“ಸೋಮವಾರದ ಮೊದಲ ಬಸ್ ನಿಲ್ದಾಣಕ್ಕೆ ತಿರುಗಿತು. ಅಪ್ಪ ಹೆಗಲ ಮೇಲಿನ ಟವೆಲ್ ತೆಗೆದು ನನ್ನ ಕೈಗೆ ಕೊಟ್ಟರು. ‘ನೀನೇ ಓಡು’ ಎಂದರು.”

ಹದಿನಾರು ಪದ. ಪ್ರೀತಿ, ಮಂಡಿನೋವು, ದುಃಖ, ಋಣ ಯಾವುದೂ ಇಲ್ಲ, ಆದರೂ ಎಲ್ಲವೂ ಇದೆ. ‘ನೀನೇ’ ಎಂಬಲ್ಲಿರುವ ಏಕಾರವನ್ನು ಗಮನಿಸಿ. ‘ನೀನು ಓಡು’ ಎಂದಿದ್ದರೆ ಅದು ಬರೀ ಅಪ್ಪಣೆ. ‘ನೀನೇ ಓಡು’ ಎಂದಾಗ ಇಷ್ಟು ವರ್ಷ ಓಡಿದವರು ಯಾರು ಎಂಬುದು ತಾನಾಗಿ ತಿಳಿಯುತ್ತದೆ. ಕತೆಯ ಹಿಂದಿನ ಕತೆಯನ್ನೆಲ್ಲ ಹೊತ್ತದ್ದು ಒಂದು ಸ್ವರ.

ಕನ್ನಡದ ಈ ಶಕ್ತಿಯನ್ನು ಮಕ್ಕಳಿಗೆ ತೋರಿಸದೆ ಕಿರುಗತೆ ಕಲಿಸುವುದು ನನಗೆ ನಷ್ಟವೆನಿಸುತ್ತದೆ. ಹಲಗೆಯ ಮೇಲೆ ನಾಲ್ಕು ವಾಕ್ಯ ಬರೆಯಿರಿ: ಅವನು ಬಂದ. ಅವನೂ ಬಂದ. ಅವನೇ ಬಂದ. ಅವನು ಬಂದನಂತೆ. ಪ್ರತಿಯೊಂದಕ್ಕೂ ‘ಹೇಳದೆ ಬಿಟ್ಟದ್ದು ಏನು?’ ಎಂದು ಕೇಳಿ. ‘ಅವನೂ’ ಎಂದರೆ ಮೊದಲೇ ಯಾರೋ ಬಂದಿದ್ದಾರೆ. ‘ಅವನೇ’ ಎಂದರೆ ಬರುತ್ತಾನೆಂದು ಯಾರೂ ಎಣಿಸಿರಲಿಲ್ಲ, ಅಥವಾ ಬೇರೆ ಯಾರೋ ಬರಬೇಕಿತ್ತು. ‘ಬಂದನಂತೆ’ ಎಂದರೆ ಹೇಳುತ್ತಿರುವವರು ಅಲ್ಲಿ ಇರಲಿಲ್ಲ. ಏಕೆ ಇರಲಿಲ್ಲ ಎನ್ನುವುದೇ ಕತೆಯಾಗಬಹುದು. ‘ನೀನು’, ‘ನೀವು’ಗಳೂ ಹಾಗೆಯೇ. ಹಳೆಯ ಗೆಳೆಯ ಎದುರು ಸಿಕ್ಕಾಗ ‘ನೀವು ಯಾವಾಗ ಬಂದಿರಿ?’ ಎಂದರೆ ಸಾಕು, ಸ್ನೇಹ ಮುರಿದ ಬಗ್ಗೆ ಒಂದು ಸಾಲೂ ಬೇಡ. ವ್ಯಾಕರಣವೆಂದರೆ ಮುಖ ಸಿಂಡರಿಸುವ ಮಕ್ಕಳು ಈ ಆಟಕ್ಕೆ ಮುಗಿಬಿದ್ದು ಉತ್ತರ ಹೇಳುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ.

ಸಾಲಿನ ಮಿತಿಯನ್ನು ಮೊದಲ ದಿನವೇ ಹೇರಬೇಡಿ. ಒಂದು ಶನಿವಾರ ತಾವು ಕಣ್ಣಾರೆ ಕಂಡ ಒಂದು ಕ್ಷಣವನ್ನು ಎಷ್ಟುದ್ದ ಬೇಕಾದರೂ ಬರೆಯಲಿ. ಮುಂದಿನ ಶನಿವಾರ ಪೆನ್ಸಿಲ್ ಹಿಡಿದು ಕೊನೆಯ ಸಾಲಿನಿಂದ ಹೊಡೆದುಹಾಕುತ್ತಾ ಬರಲಿ, ಏಕೆಂದರೆ ನೀತಿ ಕೂತಿರುವುದು ಅಲ್ಲೇ. ಎಷ್ಟು ಹೊಡೆಯಬೇಕು ಎಂಬುದಕ್ಕೆ ಒಂದು ಪರೀಕ್ಷೆಯಿದೆ. ಬರೆದವರು ಓದಲಿ, ಪಕ್ಕದವರು ಕೇಳಿ ‘ಇದಕ್ಕೆ ಮೊದಲು ಏನಾಗಿತ್ತು?’ ಎಂಬುದನ್ನು ಹೇಳಲಿ. ಹೇಳಲು ಬಂದರೆ ಕತೆ ನಿಂತಿದೆ. ಬಾರದಿದ್ದರೆ ಕಡಿದದ್ದು ಹೆಚ್ಚಾಗಿ ಅದು ಒಗಟಾಗಿದೆ. ಒಗಟಿಗೆ ಒಂದೇ ಉತ್ತರ, ಸಿಕ್ಕ ಕೂಡಲೇ ಮುಗಿಯಿತು. ಟವೆಲ್ಲಿನ ಕತೆ ಹಾಗಲ್ಲ. ಆ ಹುಡುಗಿ ಓಡಿದಳೋ, ಸೀಟು ಸಿಕ್ಕಿತೋ, ತಿರುಗಿ ನೋಡಿದಾಗ ಅಪ್ಪ ಹೇಗೆ ನಿಂತಿದ್ದರೋ ಎಂದು ಮಕ್ಕಳು ಊಟದ ಬಿಡುವಿನಲ್ಲೂ ಮಾತಾಡಿಕೊಳ್ಳುತ್ತಿದ್ದರು.

ಇನ್ನೊಂದು ಮಾತು. ಪಾತ್ರಗಳ ಮಾತನ್ನು ಪಠ್ಯಪುಸ್ತಕದ ಕನ್ನಡಕ್ಕೆ ತಿದ್ದಬೇಡಿ. ಕಲಬುರಗಿಯ ಅಜ್ಜಿ ಕಲಬುರಗಿಯಂತೆ, ಕುಂದಾಪುರದ ಅಜ್ಜಿ ಕುಂದಾಪುರದಂತೆ ಮಾತನಾಡಲಿ. ಅಜ್ಜಿ ಯಾವ ಊರಿನವಳೆಂದು ಹೇಳುವ ಒಂದು ಸಾಲು ಅದರಿಂದಲೇ ಉಳಿತಾಯವಾಗುತ್ತದೆ.

ಪ್ರಶ್ನೆ: ಹದಿನಾರು ವರ್ಷದ ನನ್ನ ಮಗ ಎರಡು ಮೂರು ಸಾಲಿನ ನ್ಯಾನೋ ಕತೆ ಬರೆದು ಮೊಬೈಲ್‌ನಲ್ಲಿ ಸ್ಟೇಟಸ್ ಹಾಕುತ್ತಾನೆ. ಎಲ್ಲದರಲ್ಲೂ ಸಾವು, ಒಂಟಿತನ. ಓದಿದರೆ ಗಾಬರಿಯಾಗುತ್ತದೆ. ಬರೆಯಬೇಡ ಎನ್ನಲೇ?

ಉತ್ತರ: ಖಂಡಿತ ಬೇಡ. ಕತ್ತಲ ವಿಷಯಗಳು ಈ ಪ್ರಕಾರಕ್ಕೆ ಹೊಸವಲ್ಲ. ಉರ್ದು ಲೇಖಕ ಸಾದತ್ ಹಸನ್ ಮಂಟೊ ದೇಶವಿಭಜನೆಯ ಹಿಂಸೆಯನ್ನು ಕುರಿತು 1948ರಲ್ಲಿ ಪ್ರಕಟಿಸಿದ ಕಿರುಗತೆಗಳಲ್ಲಿ ಕೆಲವು ಎರಡು ಮೂರು ಸಾಲಿನವೇ. ಬರೆದವನು ಅಲ್ಲಿ ಅಳುವುದಿಲ್ಲ, ಓದುವವರ ಎದೆ ನಡುಗುತ್ತದೆ. ಅಂಥವನ್ನು ಮಗನ ಜೊತೆ ಕೂತು ಓದಿ. ಅವನ ಕತೆಯ ಬಗ್ಗೆ ಮಾತನಾಡುವಾಗ ‘ಯಾಕಿಷ್ಟು ದುಃಖ?’ ಎಂದು ಕೇಳದೆ ‘ಈ ಕೋಣೆಯಲ್ಲಿ ಮತ್ತೆ ಏನೇನಿತ್ತು?’ ಎಂದು ಕೇಳಿ. ಕತೆಗಾರನಿಗೆ ಬೇಕಾದ ಪ್ರಶ್ನೆ ಅದು.

ಆದರೆ ಕತೆಯ ಹೊರಗೂ ಕಣ್ಣಿಡಿ. ನಿದ್ದೆ, ಊಟ, ಗೆಳೆಯರ ಒಡನಾಟ ಕೆಲವು ವಾರಗಳಿಂದ ತಗ್ಗಿದ್ದರೆ ಕತೆಯನ್ನು ನಡುವೆ ತರದೆ ನೇರವಾಗಿ ಅವನನ್ನೇ ವಿಚಾರಿಸಿ, ವೈದ್ಯರನ್ನೂ ಕಾಣಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಸಾಯುವ ಮಾತನ್ನು ತನ್ನ ಬಗ್ಗೆಯೇ ಆಡಿದರೆ ಒಂದು ದಿನವೂ ಕಾಯಬೇಡಿ.

ಪ್ರಶ್ನೆ: ನಾನು ಪಿಯು ವಿದ್ಯಾರ್ಥಿನಿ. ಕಾಲೇಜಿನ ಸ್ಪರ್ಧೆಗೆ 100 ಪದದ ಕತೆ ಬೇಕಿತ್ತು. ನನ್ನದು 112 ಬಂತು. ಅಲ್ಲಲ್ಲಿ ಸಂಧಿ ಮಾಡಿ, ಪದಗಳನ್ನು ಕೂಡಿಸಿ ಬರೆದು 100ಕ್ಕೆ ಇಳಿಸಿದೆ. ಇದು ಮೋಸವೇ?

ಉತ್ತರ: ಮೋಸವಲ್ಲ, ಆದರೆ ಅದರಿಂದ ಕತೆ ಚಿಕ್ಕದಾಗಲಿಲ್ಲ. ಪದ ಎಣಿಸುವ ರೂಢಿ ನಮಗೆ ಹೊರಗಿನಿಂದ ಬಂದದ್ದು. ಇಂಗ್ಲಿಷಿನ 55 ಪದದ ಕತೆಗಳು 1987ರಲ್ಲಿ ಕ್ಯಾಲಿಫೋರ್ನಿಯಾದ ವಾರಪತ್ರಿಕೆಯೊಂದು ನಡೆಸಿದ ಸ್ಪರ್ಧೆಯಿಂದ ಹೆಸರಾದವು. ವಿಭಕ್ತಿ, ಕಾಲ, ಲಿಂಗ, ವಚನಗಳನ್ನೆಲ್ಲ ಪದದೊಳಗೇ ಹೊರುವ ಕನ್ನಡಕ್ಕೆ ಆ ಲೆಕ್ಕ ಸರಿಹೊಂದುವುದಿಲ್ಲ. ಗ್ವಾಟೆಮಾಲಾದ ಆಗುಸ್ತೊ ಮಾಂತೆರೊಸೊ 1959ರಲ್ಲಿ ಪ್ರಕಟಿಸಿದ ಪ್ರಸಿದ್ಧ ಕತೆಯೊಂದು ಸ್ಪ್ಯಾನಿಷ್‌ನಲ್ಲಿ ಏಳು ಪದ. ಕನ್ನಡಕ್ಕೆ ತಂದರೆ ಐದು: ‘ಎಚ್ಚರವಾದಾಗ ಡೈನೋಸಾರ್ ಇನ್ನೂ ಅಲ್ಲೇ ಇತ್ತು.’ ನಿಮ್ಮ ಉಪಾಯದಂತೆ ‘ಅಲ್ಲಿತ್ತು’ ಎಂದು ಕೂಡಿಸಿದರೆ ನಾಲ್ಕಾಗುತ್ತದೆ. ಆದರೆ ‘ಅಲ್ಲೇ’ಯಲ್ಲಿದ್ದ ಏಕಾರ ಹೋಯಿತು, ಅದರ ಜೊತೆಗೆ ಭಯವೂ ಅರ್ಧ ಹೋಯಿತು.

ಕೂಡಿಸಿದ ಪದಗಳನ್ನೆಲ್ಲ ಮತ್ತೆ ಬಿಡಿಸಿ ಬರೆಯಿರಿ. ಆಮೇಲೆ ‘ಅವಳು ಬಂದಳು’ ಎಂಬಲ್ಲಿ ‘ಅವಳು’ ಬೇಕೇ ನೋಡಿ. ‘ಬಂದಳು’ ಎಂದರೆ ಅವಳೇ. ‘ಎಂದು ಹೇಳಿದಳು’ ಎಂಬುದಕ್ಕೆ ‘ಎಂದಳು’ ಸಾಕು. ತುಂಬಾ, ಇದ್ದಕ್ಕಿದ್ದಂತೆ, ಅಷ್ಟರಲ್ಲಿ ಮುಂತಾದವನ್ನು ಹುಡುಕಿ ತೆಗೆಯಿರಿ. ಕೊನೆಗೆ ಮೊದಲ ವಾಕ್ಯವನ್ನು ಬೆರಳಿನಿಂದ ಮುಚ್ಚಿ, ಎರಡನೆಯದರಿಂದ ಗಟ್ಟಿಯಾಗಿ ಓದಿ. ಕತೆ ಅಲ್ಲಿಂದಲೇ ಶುರುವಾಗುವುದಾದರೆ, ನಿಮಗೆ ಬೇಕಾದ ಹನ್ನೆರಡು ಪದ ಬಹುಶಃ ಬೆರಳಿನ ಕೆಳಗೇ ಇವೆ.